ಯಾರು ಸಾಯ್ತಾರೆ ಅಂತ ಹೇಳ್ಬೇಡಿ ಮಾರಾಯ್ರೆ!
ನಿನ್ನೆ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಬರುತ್ತಿದ್ದೆ. ಹೊರಗೆ ಮಳೆ, ಮಡಿಲಲ್ಲಿ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಅನ್ನೋ ಇಂಗ್ಲಿಷ್ ಕಾದಂಬರಿ ಸರಣಿಯ ಮೂರನೇ ಪುಸ್ತಕ. ಮೂಲ್ಕಿ ದಾಟಿತ್ತು. ಪಕ್ಕದವನು ಬಗ್ಗಿ ನೋಡಿ, ಅಧ್ಯಾಯದ ತಲೆಯಲ್ಲಿದ್ದ ಪಾತ್ರದ ಹೆಸರಿನ ಮೇಲೇ ಬೆರಳಿಟ್ಟ. “ಇವಳು ಸಾಯ್ತಾಳೆ ಮಾರಾಯ್ರೆ, ಬರೆದಿಟ್ಕೊಳ್ಳಿ” ಅಂದ. ನಾನು ಕೇಳಿದ್ದೆನಾ?

ಗೋಳಿಬಜೆ ತಿನ್ನುವಾಗಲೂ ಇದೇ, ಮದುವೆ ಊಟದ ಪಂಕ್ತಿಯಲ್ಲೂ ಇದೇ. ಐದನೇ ಪುಸ್ತಕ ಬಂದದ್ದು 2011ರಲ್ಲಿ. ಆರನೆಯದು ಇನ್ನೂ ಬಂದೇ ಇಲ್ಲ. ಆದರೂ ಅದರಲ್ಲಿ ಸಾಯುವವರ ಪಟ್ಟಿ ಎಲ್ಲರ ಬಾಯಲ್ಲೂ ರೆಡಿ!

ಮೊದಲ ಪುಸ್ತಕದಲ್ಲಿ ಮುಖ್ಯ ಪಾತ್ರವಾದ ನೆಡ್ ಸ್ಟಾರ್ಕ್ ಸತ್ತಾಗ ನಾನು ಪುಸ್ತಕ ಮುಚ್ಚಿ ಅತ್ತಿದ್ದೆ. ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಅಲ್ವಾ ಅಷ್ಟು ನೋವಾದದ್ದು? ಅದನ್ನೂ ಯಾಕೆ ಕಿತ್ತುಕೊಳ್ಳುತ್ತೀರಿ? ಮಂಗಳೂರು ಬರುವವರೆಗೆ ಒಂದು ಪುಟವೂ ಓದಲಾಗಲಿಲ್ಲ.