ಮನುಷ್ಯರನ್ನು ಬಿಟ್ಟು

ಸಿನಿಮಾದಲ್ಲಿ ಮೂಕಪ್ರಾಣಿಗಳ ಪಾಡಿಗೆ ನಿಯಮ ಬೇಕೇ ಬೇಕು. ಸರ್ಕಸ್ಸಿನ ಹುಲಿಯ ಮೇಲೆ ಹೀರೋ ಬಿದ್ದು ಹೊರಳಾಡಿ, ಎದ್ದು ಮೀಸೆ ತಿರುವಿದಾಗ ಶಿಳ್ಳೆ ಹೊಡೆದವರು ನಾವೇ ಅಲ್ವಾ? ಈಗ ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗೆ ನಟನೆಯಿಂದ ನಿವೃತ್ತಿ ಸಿಕ್ಕಿದೆ. 2011ರಲ್ಲಿ ಹೋರಿಗೂ ಸಿಕ್ಕಿತು. ಒಳ್ಳೇದೇ ಆಯ್ತು.

ಉಳಿದವಕ್ಕೆ 2001ರ ನಿಯಮ. ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಪಶುವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು, ಕೊನೆಗೆ ನಮ್ಮ ಆಕ್ಷೇಪವಿಲ್ಲ ಅನ್ನುವ ಪತ್ರ, ಅಂದ್ರೆ ಎನ್‌ಒಸಿ ಬೇಕು. ಅದಿಲ್ಲದೆ ಸೆನ್ಸಾರ್ ಬಾಗಿಲು ತೆರೆಯುವುದಿಲ್ಲ. ಮಂಡಳಿ ಮೊದಲು ಚೆನ್ನೈನಲ್ಲಿತ್ತು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಸಿಗುತ್ತಿತ್ತು. 2018ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಹರಿಯಾಣದ ಬಲ್ಲಭಗಢಕ್ಕೆ ಹೋಯಿತು.

ಮಂಡ್ಯದ ಕಡೆ ಒಂದು ಹಳ್ಳಿ ಅಂದುಕೊಳ್ಳಿ. ಹೀರೋಯಿನ್ ಅಳುತ್ತಿದ್ದಾಳೆ, ಗ್ಲಿಸರಿನ್ ಚೆನ್ನಾಗಿ ಕೆಲಸ ಮಾಡುತ್ತಿದೆ. ಹಿಂದೆ ಒಂದು ನಾಟಿ ಕೋಳಿ ತನ್ನ ಪಾಡಿಗೆ ಜಗಲಿ ಇಳಿದು, ತಿಪ್ಪೆ ಕೆದಕಿ, ಫ್ರೇಮಿನಿಂದಾಚೆ ಹೋಯಿತು. "ಕಟ್!" ಪ್ರೊಡಕ್ಷನ್ ಮ್ಯಾನೇಜರ್ ಓಡಿ ಬಂದ.

"ಅಜ್ಜೀ, ಕೋಳಿ ನಿಮ್ದಾ? ಒಂದು ಸೈನ್ ಬೇಕಿತ್ತು."

"ಯಾಕ್ ಮಗ, ಏನ್ ಮಾಡ್ತು ಅದು?"

"ಆಕ್ಟ್ ಮಾಡ್ತು ಅಜ್ಜೀ."

"ಹಂಗಾದ್ರೆ ದುಡ್ ಕೊಡು."

ಅತ್ತ ಊಟದ ಶಾಮಿಯಾನದಲ್ಲಿ ಅದರ ಬಂಧುಗಳು ಕಬಾಬ್ ಆಗಲು ಎಣ್ಣೆಗೆ ಇಳಿಯುತ್ತಿದ್ದವು. ಅವಕ್ಕೆ ಸರ್ಟಿಫಿಕೇಟ್ ಬೇಡ. ಕ್ಯಾಮೆರಾ ಆ ಕಡೆ ತಿರುಗಿರಲಿಲ್ಲ ನೋಡಿ.

ಈ ತಲೆನೋವೇ ಬೇಡ ಅಂತ ಗ್ರಾಫಿಕ್ಸ್ ಕೋಳಿ ಮಾಡಿಸಿದರೆ? ಅದು ಗ್ರಾಫಿಕ್ಸೇ ಅಂತ ದಾಖಲೆ ಒಪ್ಪಿಸಬೇಕು. ಮೊಟ್ಟೆಯಿಂದಲೇ ಬರದ ಕೋಳಿಗೆ ನೋವಾಗಿಲ್ಲ ಅನ್ನುವುದಕ್ಕೂ ಕಾಗದ!

ಇಷ್ಟಕ್ಕೂ ಪ್ರಾಣಿ ಅಂದ್ರೆ ಯಾರು? ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆಯಲ್ಲಿ ಗೊಂದಲವೇ ಇಲ್ಲ. ಮನುಷ್ಯರನ್ನು ಬಿಟ್ಟು ಜೀವವಿರುವ ಎಲ್ಲವೂ ಪ್ರಾಣಿಯೇ. ಇರುವೆ ಬಂತು, ಜಿರಲೆ ಬಂತು. ಸಿನಿಮಾದಲ್ಲಿ ಹೊಡೆದಾಡಿ ಬೀಳುವ ಫೈಟರ್ ಬರಲಿಲ್ಲ.

2016ರ ನವೆಂಬರ್. ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಸಿನಿಮಾವೊಂದರ ಕ್ಲೈಮ್ಯಾಕ್ಸ್. ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಇಬ್ಬರು ಖಳನಟರಿಗೆ ಲೈಫ್ ಜಾಕೆಟ್ ಇರಲಿಲ್ಲ. ಇಬ್ಬರೂ ಮುಳುಗಿ ಸತ್ತರು. ಅವರ ಬದಲು ಅದೇ ಎತ್ತರದಿಂದ ಒಂದು ಎಮ್ಮೆಯನ್ನು ಹಾರಿಸುತ್ತೇವೆ ಅಂತ ಮಂಡಳಿಗೆ ಅರ್ಜಿ ಹಾಕಿ ನೋಡಬೇಕಿತ್ತು. ಹೆಲಿಕಾಪ್ಟರ್ ನೆಲ ಬಿಡುತ್ತಲೇ ಇರಲಿಲ್ಲ.