ದೂರು ಕೊಟ್ಟವಳ ಹೆಸರಿಗೆ ಕೆಂಪು ಸುತ್ತು

ಮೊನ್ನೆ ಭಾನುವಾರ ಬೆಳಿಗ್ಗೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಮುಂಬಯಿ ಹತ್ತಿರದ ಈ ಡೊಂಬಿವಲಿ ಪೂರ್ವಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು, ಅಷ್ಟೂ ವರ್ಷ ಅದೇ ಗಿರಣಿ. ಗೋಧಿಯ ಬೆನ್ನಿಗೇ ನಮ್ಮ ಜೋಳ ಹಾಕಬೇಡ ಎಂದು ಆ ಹುಡುಗನಿಗೆ ಈಗ ಹೇಳಬೇಕಾಗಿಯೂ ಇಲ್ಲ. ಡಬ್ಬಿಯನ್ನು ತಕ್ಕಡಿಯ ಮೇಲೆ ಇಡುತ್ತಿದ್ದೆ, ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, ನನಗೆ ಅವರ ಮುಖ ಗೊತ್ತೇ ಹೊರತು ಹೆಸರು ಗೊತ್ತಿಲ್ಲ, ಗಿರಣಿಯ ಸದ್ದನ್ನೂ ಮೀರಿಸುವ ದನಿಯಲ್ಲಿ ಕೇಳಿದರು: "ನೀವೇ ಅಂತೆ, ಅವರ ಮೇಲೆ ಕಂಪ್ಲೇಂಟ್ ಕೊಟ್ಟವರು?"

ಸಾಲಿನಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. ಅವರಲ್ಲಿ ಇಬ್ಬರು ಕನ್ನಡದವರೂ ಅಲ್ಲ.

ನಡೆದದ್ದು ಇಷ್ಟು. ಈ ಕಡೆಯ ಕನ್ನಡಿಗರದ್ದೊಂದು ಗುಂಪು ಜಾಲತಾಣದಲ್ಲಿದೆ. ಬಾಡಿಗೆ ಮನೆ, ಊರಿಗೆ ಹೋಗುವ ಬಸ್ಸು, ಸತ್ಯನಾರಾಯಣ ಪೂಜೆಗೆ ಕನ್ನಡ ಬಲ್ಲ ಭಟ್ಟರ ನಂಬರು, ಶ್ರಾವಣದಲ್ಲಿ ಬಾಳೆ ಎಲೆ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ, ಹೀಗೆ ಉಪಯೋಗಕ್ಕೆ ಬರುವ ಗುಂಪೇ. ಅದರಲ್ಲಿ ಒಬ್ಬ ಹಿರಿಯರಿದ್ದಾರೆ. ಎಲ್ಲರೂ ಅವರನ್ನು ಅಣ್ಣಾ ಎನ್ನುತ್ತಾರೆ, ಗಣಪತಿ ವರ್ಗಣಿಗೆ ದೊಡ್ಡ ಮೊತ್ತ ಬರೆಸುತ್ತಾರೆ. ಅವರು ಒಂದು ಮಧ್ಯಾಹ್ನ ಒಂದು ಫೋಟೊ ಹಾಕಿದರು. ರೈಲ್ವೆ ಪ್ಲಾಟ್‌ಫಾರ್ಮು, ಕಂಬಕ್ಕೆ ಒರಗಿ ನಿಂತ ಹುಡುಗಿ, ಹತ್ತೊಂಬತ್ತೋ ಇಪ್ಪತ್ತೋ ಇರಬೇಕು, ಮೊಬೈಲು ನೋಡಿ ನಗುತ್ತಿದ್ದಾಳೆ. ಪಕ್ಕದಲ್ಲಿ ಒಬ್ಬ ಹುಡುಗ, ಅವಳ ಬ್ಯಾಗು ಅವನ ಹೆಗಲಲ್ಲಿ. ಫೋಟೊದ ಅಂಚಿನಲ್ಲಿ ರೈಲಿನ ಕಿಟಕಿಯ ಸರಳು ಮಸುಕಾಗಿ ಬಿದ್ದಿದೆ, ಅಂದರೆ ಒಳಗೆ ಕುಳಿತು ತೆಗೆದದ್ದು. ಕೆಳಗೆ ಬರೆದಿದ್ದರು: "ನಮ್ಮವರ ಮಗಳೇ. ಗುರುತು ಸಿಕ್ಕವರು ದಯವಿಟ್ಟು ತಂದೆತಾಯಿಯರಿಗೆ ತಿಳಿಸಿ. ನಮ್ಮ ಸಂಸ್ಕೃತಿ ಉಳಿಸೋಣ." ಅದರ ಮುಂದೆ ಕೈಮುಗಿದ ಮೂರು ಚಿಹ್ನೆ.

ಸಂಜೆ ಚಹಾದ ಹೊತ್ತಿಗೆ ಅರವತ್ತು ಪ್ರತಿಕ್ರಿಯೆ. ಒಬ್ಬ ಕಾಲೇಜಿನ ಹೆಸರು ಹೇಳಿದ. ಇನ್ನೊಬ್ಬ, ತನ್ನ ಮುಖದ ಜಾಗದಲ್ಲಿ ಹಂಪಿಯ ಕಲ್ಲಿನ ರಥ ಇಟ್ಟುಕೊಂಡವನು, ಆಕೆಯ ಸೊಸೈಟಿಯ ಹೆಸರನ್ನೂ ವಿಂಗನ್ನೂ ಬರೆದ. ಈ ರಥದವನು ಯಾರು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಯೂ ಇಲ್ಲ.

ನಾನು ಮೊದಲು ಜಾಲತಾಣದ ಕಂಪನಿಗೇ ವರದಿ ಮಾಡಿದೆ. ಕಾರಣ ಆರಿಸಿ ಎಂದು ಪಟ್ಟಿ ಬಂತು: ನಗ್ನತೆ, ಹಿಂಸೆ, ವಂಚನೆ, ಮಾದಕ ವಸ್ತು. "ಪರರ ಮಗಳನ್ನು ಊರೆಲ್ಲ ಸೇರಿ ಹುಡುಕುತ್ತಿದ್ದಾರೆ" ಎಂಬ ಕಾರಣ ಅದರಲ್ಲಿ ಇರಲಿಲ್ಲ. ಹತ್ತಿರದ್ದನ್ನು ಒತ್ತಿದೆ. ಮರುದಿನ ಉತ್ತರ ಬಂತು, ಇದರಲ್ಲಿ ನಮ್ಮ ನಿಯಮಗಳ ಉಲ್ಲಂಘನೆ ಕಾಣುತ್ತಿಲ್ಲ ಎಂದು. ನೋಡಿದ್ದು ಯಂತ್ರವೋ ಮನುಷ್ಯನೋ, ಕಾಣುವುದಾದರೂ ಹೇಗೆ? ಬೈಗುಳ ಹುಡುಕುವವನಿಗೆ ಅಲ್ಲಿ ಸಿಗುವುದು ದಯವಿಟ್ಟು, ಸಂಸ್ಕೃತಿ, ಕೈಮುಗಿದ ಚಿಹ್ನೆ. ನಮ್ಮವರು ಮಾನ ಕಳೆಯುವಾಗಲೂ ಬಹುವಚನ ಬಿಡುವುದಿಲ್ಲ.

ಆಮೇಲೆ ಎರಡನೆಯ ಬಾಗಿಲು ಕಂಡಿತು: ಗುಂಪಿನ ಅಡ್ಮಿನ್‌ಗೆ ತಿಳಿಸಿ. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಬೇರೆ ಯಾರಿಗೂ ನಿಮ್ಮ ಹೆಸರು ಕಾಣುವುದಿಲ್ಲ ಎಂಬ ಅರ್ಥದ ಒಂದು ಸಾಲು. ನಾನು "ಯಾರಿಗೂ" ಎಂಬುದನ್ನು ಓದಿದೆ. ಮೋಸವೆಲ್ಲ "ಬೇರೆ" ಎಂಬ ಎರಡಕ್ಷರದಲ್ಲಿ ಅಡಗಿತ್ತು. ಅಡ್ಮಿನ್‌ನನ್ನು ಬಿಟ್ಟು ಬೇರೆ ಯಾರಿಗೂ! ಸೊಸೆಯ ದೂರನ್ನು ಗುಟ್ಟಾಗಿ ಇಡುತ್ತೇವೆ, ಅತ್ತೆಗೆ ಮಾತ್ರ ಹೇಳುತ್ತೇವೆ ಎಂದಂತೆ. ಇಲ್ಲಿ ಅಡ್ಮಿನ್ ಎಂದರೆ ಯಾರು? ಅಣ್ಣಾ ಜತೆ ದಿನವೂ ಒಂದೇ ಶೇರ್ ರಿಕ್ಷಾದಲ್ಲಿ ಸ್ಟೇಶನ್ನಿಗೆ ಹೋಗುವ ಮನುಷ್ಯ.

ರಾತ್ರಿಯೊಳಗೆ ಸ್ಕ್ರೀನ್‌ಶಾಟ್ ಹೊರಬಿತ್ತು. ಅದು ನನಗೆ ಸಿಕ್ಕಿದ್ದು ನಾಲ್ಕು ಕೈ ದಾಟಿ, ಪರಿಚಯದವರೊಬ್ಬರ ವಾಟ್ಸ್‌ಆ್ಯಪ್‌ನಿಂದ, "ಇದೇನು ಅಕ್ಕಾ?" ಎಂಬ ಒಂದೇ ಸಾಲಿನ ಜತೆ. ಇನ್ನೂ ಡಿಲೀಟ್ ಮಾಡಿಲ್ಲ. ಮೇಲೆ ಸಮಯ 9:42, ಬ್ಯಾಟರಿ 17. ನಡುವೆ ನನ್ನ ಪೂರ್ಣ ಹೆಸರು, ಅದರ ಪಕ್ಕ ರಾಜ್ಯೋತ್ಸವದ ದಿನ ಇಳಕಲ್ ಸೀರೆ ಉಟ್ಟು ತೆಗೆಸಿಕೊಂಡ ನನ್ನ ಗುಂಡನೆಯ ಚಿತ್ರ. ಯಾರೋ ಬೆರಳಿನಿಂದ ಹೆಸರಿನ ಸುತ್ತ ಕೆಂಪು ಗೆರೆ ಎಳೆದಿದ್ದಾರೆ, ಒಂದು ಸುತ್ತು ಸಾಲದೆಂದು ಎರಡು ಸುತ್ತು. ಲಗ್ನಪತ್ರಿಕೆಗೆ ಕುಂಕುಮ ಹಚ್ಚುವಾಗಲೂ ಇಷ್ಟು ಮುತುವರ್ಜಿ ಇರುವುದಿಲ್ಲ.

ಅಲ್ಲಿಂದ ಶುರು. ಅಣ್ಣಾ ನನ್ನನ್ನು ಕೇಳಲಿಲ್ಲ. ಅವರಂಥವರು ಹೆಂಗಸರನ್ನು ನೇರವಾಗಿ ಕೇಳುವುದಿಲ್ಲ. ಫಾಸ್ಟ್ ಲೋಕಲಿನಲ್ಲಿ ನಮ್ಮ ಯಜಮಾನರ ಹೆಗಲ ಮೇಲೆ ಕೈ ಹಾಕಿ, "ವೈನಿಯವರಿಗೆ ಸ್ವಲ್ಪ ತಿಳಿಸಿ ಹೇಳಿ, ನಮ್ಮ ನಮ್ಮಲ್ಲೇ ಇದೆಲ್ಲ ಬೇಡ" ಎಂದರಂತೆ. ಠಾಣೆ ಸ್ಟೇಶನ್ ಬರುವವರೆಗೂ ಕೈ ತೆಗೆಯಲಿಲ್ಲವಂತೆ. ಇವರು ಮನೆಗೆ ಬಂದು ಊಟ ಮುಗಿಯುವವರೆಗೆ ಏನೂ ಹೇಳಲಿಲ್ಲ. ಮಜ್ಜಿಗೆಗೆ ಬಂದಾಗ ಕೇಳಿದರು, "ನಿನಗೆ ಯಾಕೆ ಬೇಕಿತ್ತು? ಪಾಲಘರ್ ಮರೆತೆಯಾ?" ಎಂದು.

ಮರೆತಿಲ್ಲ. 2012ರ ನವೆಂಬರಿನಲ್ಲಿ, ಬಾಳ ಠಾಕ್ರೆ ತೀರಿಕೊಂಡು ಮುಂಬಯಿ ಬಂದ್ ಆದಾಗ, ಪಾಲಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಬಂಧಿಸಿದರು. ಒಬ್ಬಳು ಆ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೆ, ಇನ್ನೊಬ್ಬಳು ಬರೀ ಲೈಕ್ ಒತ್ತಿದ್ದಕ್ಕೆ. ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು 2015ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಆದರೆ ಸೆಕ್ಷನ್ ಹೋಗಿ ಇಷ್ಟು ವರ್ಷವಾದರೂ ನಮ್ಮ ಮನೆಯ ಊಟದ ಹೊತ್ತಿಗೆ ಅದೇ ಊರಿನ ಹೆಸರು ಬರುತ್ತದೆ. ಗುಂಡಿ ಒತ್ತಿದವರನ್ನು ಹುಡುಕಿಕೊಂಡು ಬರುತ್ತಾರೆ ಎಂಬುದನ್ನು ಈ ಕಡೆಯ ಜನ ಕಣ್ಣಾರೆ ಕಂಡವರು.

ನನಗೆ ಹೊಟ್ಟೆ ಉರಿಯುವುದು ಇನ್ನೊಂದು ಕಾರಣಕ್ಕೆ. ಫೋರ್ಟಿನಲ್ಲಿರುವ ನಮ್ಮ ಕಚೇರಿಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯೆ. 2013ರ ಕಾಯ್ದೆಯ 16ನೇ ಸೆಕ್ಷನ್ ಬಾಯಿಪಾಠ ಬರುತ್ತದೆ. ದೂರು ಕೊಟ್ಟವಳ ಹೆಸರು, ವಿಳಾಸ, ದೂರಿನ ಒಳವಿವರ, ಯಾವುದನ್ನೂ ಪ್ರಕಟಿಸುವಂತಿಲ್ಲ. ಸಮಿತಿಯಲ್ಲಿ ಇದ್ದವರೇ ಬಾಯಿಬಿಟ್ಟರೆ 5000 ರೂಪಾಯಿ ದಂಡ. ಮೊತ್ತ ಏನೂ ದೊಡ್ಡದಲ್ಲ, ಆದರೂ ಹೆದರಿಕೆ ಇದೆ. ಸ್ಟೀಲ್ ಕಪಾಟಿನಲ್ಲಿ ಫೈಲು, ಅದರ ಕೀಲಿ ನನ್ನ ಪರ್ಸಿನ ಒಳಜೇಬಿನಲ್ಲಿ, ಮನೆಯ ಕೀಲಿಯ ಗೊಂಚಲಿಗೂ ಸೇರಿಸಿಲ್ಲ. ಕ್ಯಾಂಟೀನಿನಲ್ಲಿ ಗೆಳತಿಯರು ಕಣ್ಣಿನಲ್ಲೇ ಕೇಳುತ್ತಾರೆ, ನಾನು ಪೋಹೆಯಲ್ಲಿ ಶೇಂಗಾ ಹುಡುಕುತ್ತಾ ಕುಳಿತುಬಿಡುತ್ತೇನೆ. ಹೀಗೆ ಪರರ ಹೆಸರನ್ನು ವರ್ಷಗಟ್ಟಲೆ ಸೆರಗಿನಲ್ಲಿ ಕಟ್ಟಿಕೊಂಡು ಕಾದವಳ ಹೆಸರನ್ನು ಒಬ್ಬ ಅಡ್ಮಿನ್ ಒಂದು ಸಂಜೆ ಕಾಯಲಾರದೆ ಹೋದ. ಅವನಿಗೆ ಯಾವ ಸೆಕ್ಷನ್ನೂ ಇಲ್ಲ, ದಂಡವೂ ಇಲ್ಲ, ಆ ಹುದ್ದೆಗೆ ಅವನನ್ನು ಯಾರೂ ನೇಮಿಸಿದ್ದೂ ಅಲ್ಲ. ಮೊದಲು ಗುಂಪು ತೆರೆದ, ಅಷ್ಟೇ ಅರ್ಹತೆ.

ಪುಣೆಯಲ್ಲಿರುವ ನನ್ನ ತಂಗಿಯ ಮಗ ಕಂಪ್ಯೂಟರಿನವನು. ಫೋನ್ ಮಾಡಿ ಅತ್ತುಕೊಂಡಾಗ, "ದೊಡ್ಡಮ್ಮಾ, ನೀವು ತಪ್ಪು ಗುಂಡಿ ಒತ್ತಿದ್ದೀರಿ" ಎಂದ. ತಪ್ಪು ನನ್ನದೇ! ಆಮೇಲೆ ಪಾಪ ಸಮಾಧಾನವಾಗಿ ಬಿಡಿಸಿ ಹೇಳಿದ. ಕಂಪನಿಗೆ ನೇರವಾಗಿ ಹೋಗುವ ವರದಿಯಲ್ಲಿ ಯಾರು ಕೊಟ್ಟರು ಎಂದು ಎದುರಿನವರಿಗೆ ತಿಳಿಸುವುದಿಲ್ಲ. ಫೇಸ್‌ಬುಕ್ಕೂ ಯೂಟ್ಯೂಬೂ ಹಾಗೇ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರ ಮೇಲೆ ವರದಿ ಮಾಡಿದರೆ ಅವರಿಂದ ಬಂದ ಕೊನೆಯ ಐದು ಸಂದೇಶ ಕಂಪನಿಗೆ ಹೋಗುತ್ತದೆ, ಅವರಿಗೆ ಸುದ್ದಿ ಹೋಗುವುದಿಲ್ಲ. ಆದರೆ ಒಂದು ಕಡೆ ಮಾತ್ರ ಬಾಗಿಲು ತೆರೆದೇ ಇದೆಯಂತೆ. ಅದು ಅವನ ಸ್ವಂತ ಕತೆ. ಅವನಿಗೆ ಕೋಟೆ ಹತ್ತುವ ಹುಚ್ಚು. ರಾಜಗಡದ ಮೇಲೆ ಮಳೆಗಾಲದಲ್ಲಿ ತೆಗೆದ ಅವನ ಫೋಟೊವನ್ನು ಯಾರೋ ಕದ್ದು, ತಮ್ಮ ಹೆಸರು ಬರೆದು, ಟ್ರೆಕ್ಕಿಂಗ್ ಜಾಹೀರಾತಿಗೆ ಹಾಕಿಕೊಂಡರು. ಇವನು ಕೃತಿಸ್ವಾಮ್ಯದ ದೂರು ತುಂಬಿದ. ಅಮೆರಿಕದ 1998ರ ಡಿಜಿಟಲ್ ಕಾಪಿರೈಟ್ ಕಾಯ್ದೆಯ ಪ್ರಕಾರ ಅಂಥ ದೂರಿನಲ್ಲಿ ದೂರುದಾರನ ಸಂಪರ್ಕದ ವಿವರ, ಸಹಿ ಎಲ್ಲ ಇರಬೇಕು. ಹೆಸರು, ಇಮೇಲ್ ಎದುರಿನವನ ಕೈಗೂ ಹೋಗುತ್ತದೆ. ಮೂರನೆಯ ದಿನ ಕಳ್ಳನಿಂದಲೇ ಇಮೇಲ್ ಬಂತು: "ಫೋಟೊಕ್ಕೆ ಇಷ್ಟು ಜಂಭವೇ?" ಮನೆ ಕಳ್ಳತನವಾಗಿದೆ ಎಂದು ಹೇಳಲು ಹೋದರೆ ಕಳ್ಳನಿಗೇ ನಿಮ್ಮ ವಿಳಾಸ ಕೊಟ್ಟು ಕಳಿಸುವ ಠಾಣೆ ಇದು. ದೂರು ಕೊಟ್ಟವನು ಸುಳ್ಳು ಹೇಳಿದರೆ ಹಿಡಿಯಬೇಕಲ್ಲ, ಅದಕ್ಕೆ ಹಾಗೆ ಎನ್ನುತ್ತಾನೆ ಇವನು. ಹಿಡಿಯಲಿ, ಕಂಪನಿಯವರು ಹಿಡಿಯಲಿ. ಕಳ್ಳನಿಗೆ ಯಾಕೆ ಆ ಉಸಾಬರಿ?

ಇದೇ ಮಾತನ್ನು ಸೊಸೈಟಿಯ ಸೆಕ್ರೆಟರಿಯೂ ಲಿಫ್ಟಿನಲ್ಲಿ ನನಗೆ ಹೇಳಿದರು. "ಆರೋಪ ಹೊತ್ತವನಿಗೆ ಆರೋಪ ಮಾಡಿದವರು ಯಾರು ಎಂದು ತಿಳಿಯುವ ಹಕ್ಕು ಇರುತ್ತದೆ ಅಲ್ಲವೇ ಮೇಡಂ?" ಇರಬಹುದು ಸ್ವಾಮಿ, ನಾನು ಕತ್ತಲಲ್ಲಿ ಏನೋ ಕಂಡೆ ಎಂದು ಸಾಕ್ಷಿ ಹೇಳಿದ್ದರೆ. ಇಲ್ಲಿ ಫೋಟೊ ಅವರದು, ಬರಹ ಅವರದು, ಹಾಕಿದ ಕೈ ಅವರದು. ಅದು ಎಲ್ಲರ ಕಣ್ಣ ಮುಂದೆ ಇದೆ. ಅದನ್ನು ತೋರಿಸಿಕೊಟ್ಟ ಬೆರಳು ಯಾರದಾದರೇನು? ನನ್ನ ಬೆರಳು ಸುಳ್ಳಾದರೆ ಫೋಟೊ ಮಾಯವಾಗುತ್ತದೆಯೇ? ಹತ್ತು ಜನ ಒಟ್ಟಾಗಿ ಹಗೆಗೆ ಬಿದ್ದು ಒಬ್ಬರ ಖಾತೆ ಮುಚ್ಚಿಸಲು ವರದಿ ಹೊಡೆಯುವುದೂ ಉಂಟು, ನನಗೆ ಗೊತ್ತು. ಅದಕ್ಕೆ ವರದಿಯನ್ನು ಸರಿಯಾಗಿ ಓದುವವರು ಬೇಕು. ವರದಿ ಕೊಟ್ಟವಳನ್ನು ಗಿರಣಿಯ ಸಾಲಿನಲ್ಲಿ ನಿಲ್ಲಿಸಿದರೆ ಯಾವ ಸುಳ್ಳು ದೂರು ಕಡಿಮೆಯಾಯಿತು? ನಾಲ್ಕನೇ ಮಹಡಿ ಬಂತು, ಸೆಕ್ರೆಟರಿ ಇಳಿದು ಹೋದರು. ಅವರದು ಆರನೇ ಮಹಡಿ.

ಇನ್ನು ಹೆಸರು ಗುಟ್ಟಾಗಿದ್ದರೂ ನಮ್ಮ ಸಣ್ಣ ಜಗತ್ತಿನಲ್ಲಿ ಊಹೆ ಎಂಬುದೊಂದು ಇದೆ. ಹೊರನಾಡಿನ ಕನ್ನಡಿಗರು ಎಷ್ಟು ಜನ ಇದ್ದರೂ ಒಂದೇ ಓಣಿಯವರ ಹಾಗೆ. ಆ ಫೋಟೊಕ್ಕೆ ನಾನು "ಇದು ಸರಿಯಲ್ಲ, ತೆಗೆಯಿರಿ" ಎಂದು ಬರೆದಿದ್ದೆ, ಒಬ್ಬಳೇ. ಅಷ್ಟು ಸಾಕಿತ್ತು ಅವರಿಗೆ. ಈಗ ಅಂದುಕೊಳ್ಳುತ್ತೇನೆ, ಗುಟ್ಟಾಗಿ ದೂರು ಕೊಡುವವಳು ಅಲ್ಲಿ ಬಾಯಿ ತೆರೆಯಬಾರದಿತ್ತು. ಆದರೆ ಅರವತ್ತು ಜನರಲ್ಲಿ ಒಬ್ಬರಾದರೂ ಬೇಡ ಎಂದದ್ದನ್ನು ಆ ಹುಡುಗಿ ಓದಲಿ ಎಂದೂ ಅನ್ನಿಸಿತ್ತು.

ಆ ಹುಡುಗಿಯ ತಾಯಿ ಸಿಕ್ಕಿದ್ದರು, ರಿಕ್ಷಾ ಸ್ಟ್ಯಾಂಡಿನಲ್ಲಿ. ನನ್ನನ್ನು ನೋಡಿ ಮುಖ ತಿರುಗಿಸಿದರು. ಅವರ ಪಾಲಿಗೆ ನಾನು ವಿಷಯವನ್ನು ಇನ್ನಷ್ಟು ಹಿಗ್ಗಿಸಿದವಳು. ಅವರ ಮೇಲೆ ಸಿಟ್ಟಿಲ್ಲ. ಮಗಳು ನಾಲ್ಕು ದಿನದಿಂದ ಕಾಲೇಜಿಗೆ ಹೋಗಿಲ್ಲ ಎಂದು ಕೇಳಿದೆ.

ಕಾನೂನು ಇಲ್ಲದೇ ಇಲ್ಲ. 2021ರ ಐಟಿ ನಿಯಮ ತಂದಾಗ, ಇನ್ನೊಬ್ಬರ ಖಾಸಗಿತನಕ್ಕೆ ಕೈಹಾಕುವುದನ್ನು ಜಾಲತಾಣದಲ್ಲಿ ಹಾಕುವಂತಿಲ್ಲ, ಪ್ರತಿ ಕಂಪನಿಗೂ ಒಬ್ಬ ದೂರು ಅಧಿಕಾರಿ ಇರಬೇಕು, 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ತೀರ್ಮಾನ ಎಂದು ಬರೆದರು. ಅಲ್ಲಿ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಸಮಿತಿಗಳನ್ನು 2023ರಲ್ಲಿ ಮಾಡಿದರು. ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು, ಮಕ್ಕಳ ಅಶ್ಲೀಲ ಚಿತ್ರಗಳಂಥ ವಿಷಯಕ್ಕೆ ಹೆಸರು ಹೇಳದೆ ದೂರು ಕೊಡುವ ದಾರಿಯೂ ಇದೆ. ಆದರೆ ನಮ್ಮ ಫೋಟೊದಲ್ಲಿ ಅಶ್ಲೀಲ ಏನಿದೆ? ಹುಡುಗಿ ಮೈತುಂಬ ಬಟ್ಟೆ ಹಾಕಿಕೊಂಡು ನಗುತ್ತಿದ್ದಾಳೆ. ಅಶ್ಲೀಲ ಇದ್ದದ್ದು ರೈಲಿನೊಳಗೆ ಕುಳಿತವರ ಕಣ್ಣಿನಲ್ಲಿ. ಅದು ಫೋಟೊದಲ್ಲಿ ಬಂದಿಲ್ಲ.

ನಿನ್ನೆ ರಾತ್ರಿ ಕಂಪನಿಯ ದೂರು ಅಧಿಕಾರಿಗೆ ಬರೆದೆ. ಪೂರ್ಣ ಹೆಸರು, ಫೋನ್ ನಂಬರು, ಎಲ್ಲ ಹಾಕಿದ್ದೇನೆ. ನನ್ನದು ಹೇಗೂ ಬೀದಿಗೆ ಬಿದ್ದಿದೆ, ಇನ್ನು ಮುಚ್ಚುವುದೇನು. ಫೋಟೊ, ರಥದವನ ಸಾಲು, ಕೆಂಪು ಸುತ್ತಿನ ಸ್ಕ್ರೀನ್‌ಶಾಟು, ಮೂರನ್ನೂ ಲಗತ್ತಿಸಿದ್ದೇನೆ. ಇದನ್ನು ಓದುತ್ತಿರುವ ಅಡ್ಮಿನ್ ಸಾಹೇಬರೇ, ನಿಮ್ಮ ಗುಂಪಿನಿಂದ ನನ್ನನ್ನು ತೆಗೆದು ಹಾಕಿದ್ದೀರಿ, ಸಂತೋಷ. ಆದರೆ ಆ ರಾತ್ರಿ ವರದಿ ಮಾಡಿದವಳು ನಾನೊಬ್ಬಳೇ ಎಂದು ತಿಳಿದಿದ್ದೀರಲ್ಲ, ಅದು ತಪ್ಪು. ಇನ್ನೂ ಇಬ್ಬರು ಮಾಡಿದ್ದಾರೆ. ಅವರಿಗೆ ಸರಿಯಾದ ಗುಂಡಿ ಗೊತ್ತಿತ್ತು, ಕಂಪನಿಗೆ ಮಾತ್ರ ಕಳಿಸಿದ್ದಾರೆ. ಒಬ್ಬರು ನನಗೆ ಮೆಟ್ಟಿಲಲ್ಲಿ ಹೇಳಿದರು, ಇನ್ನೊಬ್ಬರು ಹಿಟ್ಟಿನ ಡಬ್ಬಿ ಎತ್ತಿಕೊಡುವ ನೆಪದಲ್ಲಿ ಕಿವಿಯ ಹತ್ತಿರ ಬಾಗಿ ಹೇಳಿದರು.

ಯಾರು ಅವರು ಎಂದು ನಮ್ಮ ಯಜಮಾನರು ಎರಡು ಸಲ ಕೇಳಿದರು. ಅವರಿಗೂ ಹೇಳಿಲ್ಲ.