ಸಂದೇಶವಿಲ್ಲದ ಜಾಗವನ್ನೂ ಓದಬೇಕು

ಸರ್ವರ್ ದೋಷಗಳನ್ನು ಪತ್ತೆಹಚ್ಚುವ ಬಗೆಗಿನ ಲೇಖನವೊಂದಕ್ಕೆ ಇದು ನನ್ನ ಪ್ರತಿಕ್ರಿಯೆ. ಸರ್ವರ್ ಕೈಕೊಟ್ಟಾಗ ಮೊದಲು ಲಾಗ್ ಕಡತದಲ್ಲಿ, ಅಂದರೆ ಯಂತ್ರವು ತನ್ನ ಆಗುಹೋಗುಗಳನ್ನು ವೇಳೆಯೊಡನೆ ಬರೆದಿಡುವ ದಾಖಲೆಯಲ್ಲಿ, ದೋಷದ ಸಂದೇಶವನ್ನು ಹುಡುಕಬೇಕೆಂಬ ಅದರ ಲೇಖಕರ ಸಲಹೆ ಸರಿಯೇ. ಆದರೆ ಮುಂಗಾರಿನ ಗಾಳಿಗೆ ಮರ ಬಿದ್ದು ವಿದ್ಯುತ್ ತಂತಿ ತುಂಡಾಗುವುದು ಮಾಮೂಲಾಗಿರುವ ನಮ್ಮ ಮಡಿಕೇರಿಯಂತಹ ಊರುಗಳಲ್ಲಿ, ಸಂದೇಶ ಇಲ್ಲದಿರುವುದನ್ನೂ ಗಮನಿಸಬೇಕಾಗುತ್ತದೆ. ಕ್ರಮವಾಗಿ ಸ್ಥಗಿತಗೊಂಡ ಯಂತ್ರವು ಒಂದೊಂದೇ ಸೇವೆಯನ್ನು (ಹಿನ್ನೆಲೆಯಲ್ಲಿ ಓಡುವ ತಂತ್ರಾಂಶವನ್ನು) ನಿಲ್ಲಿಸಿದ್ದನ್ನು ದಾಖಲಿಸಿರುತ್ತದೆ. ಕರೆಂಟು ಹೋದಾಗ ಆಸರೆಯಾಗುವ ಯುಪಿಎಸ್‌ನ ಬ್ಯಾಟರಿ ಬರಿದಾಗಿ ಆರಿದ ಯಂತ್ರದ ಲಾಗ್ ಮಾತ್ರ ಯಾವುದೋ ಸಾಧಾರಣ ಸಾಲಿನಲ್ಲಿ ಥಟ್ಟನೆ ನಿಂತು, ಅದರ ಬೆನ್ನಿಗೇ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಹೊಸದಾಗಿ ಆರಂಭವಾದ ಸಾಲು ಬರುತ್ತದೆ. ಕರ್ನಲ್ ಕುಸಿದಾಗಲೂ ಹೀಗೇ ಕಾಣಬಹುದಾದ್ದರಿಂದ, ಯುಪಿಎಸ್‌ನ ದಾಖಲೆಯೊಡನೆ ವೇಳೆಯನ್ನು ತಾಳೆ ನೋಡದೆ ಕರೆಂಟನ್ನೇ ದೂರುವುದು ಆತುರವಾದೀತು. ಇದಕ್ಕೆ ಯಂತ್ರದ ಗಡಿಯಾರ ಎನ್‌ಟಿಪಿಯಿಂದ (ನೆಟ್‌ವರ್ಕ್ ಮೂಲಕ ವೇಳೆ ಹೊಂದಿಸುವ ವ್ಯವಸ್ಥೆಯಿಂದ) ಸರಿಹೊಂದಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಲೇಖನದಲ್ಲಿ ಬಿಟ್ಟುಹೋಗಿರುವ ಮುಖ್ಯ ಸಂಗತಿಯೆಂದರೆ, ಸಿಸ್ಟಮ್‌ಡಿ (ಸೇವೆಗಳನ್ನು ಆರಂಭಿಸಿ ನಿರ್ವಹಿಸುವ ತಂತ್ರಾಂಶ) ಇರುವ ಲಿನಕ್ಸ್‌ನಲ್ಲಿ ಜರ್ನಲ್, ಅಂದರೆ ಅದರ ಲಾಗ್, ಡಿಸ್ಕ್‌ನಲ್ಲಿ ಉಳಿಯುವಂತೆ ಹೊಂದಿಸಿರದಿದ್ದರೆ ಅದು ಮೆಮೊರಿಯಲ್ಲಷ್ಟೇ ಇದ್ದು ಮರುಚಾಲನೆಯೊಂದಿಗೆ ಅಳಿಸಿಹೋಗುತ್ತದೆ. ಡಿಸ್ಕ್‌ಗೆ ಬರೆಯುವಾಗಲೂ ಅತಿ ಗಂಭೀರ ಸಂದೇಶಗಳನ್ನು ಮಾತ್ರ ಕೂಡಲೇ ಭದ್ರಪಡಿಸಲಾಗುತ್ತದೆ. ಉಳಿದವುಗಳನ್ನು ಭದ್ರಪಡಿಸುವ ಪೂರ್ವನಿಗದಿತ ಅವಧಿ 5 ನಿಮಿಷವಾದ್ದರಿಂದ, ನಮಗೆ ಬೇಕಾದ ಕೊನೆಯ ಕೆಲವು ನಿಮಿಷಗಳೇ ಕಾಣೆಯಾಗಿರುವ ಸಾಧ್ಯತೆಯಿದೆ. ಹೀಗಾಗಿ ಆರ್‌ಸಿಸ್‌ಲಾಗ್ ಎಂಬ ತಂತ್ರಾಂಶದ ಮೂಲಕ ಲಾಗ್‌ನ ಪ್ರತಿಯನ್ನು ಜಿಲ್ಲೆಯ ಹೊರಗಿನ ಮತ್ತೊಂದು ಯಂತ್ರಕ್ಕೆ ಕಳುಹಿಸುವುದು ಇಲ್ಲಿ ಅನಿವಾರ್ಯವೆಂದೇ ನನ್ನ ಅಭಿಪ್ರಾಯ. ಆದರೆ ನೆಟ್‌ವರ್ಕ್ ಸ್ವಿಚ್ ಮತ್ತು ರೌಟರ್‌ಗೂ ಯುಪಿಎಸ್ ಆಸರೆ ಇರಬೇಕು, ಇಲ್ಲವಾದರೆ ಸರ್ವರ್‌ಗಿಂತ ಮೊದಲು ಅವೇ ಆರಿಹೋಗುತ್ತವೆ.